ಕಷ್ಟಕಾಲದ ಅಡುಗೆಗೆ ಹಳೆಯ ರುಚಿ ಏಕೆ ಬರುವುದಿಲ್ಲ?

ಓದುಗರ ಪ್ರಶ್ನೆ: ಹಣದ ಮುಗ್ಗಟ್ಟಿನ ವರ್ಷಗಳಲ್ಲಿ ನಮ್ಮ ಅಜ್ಜಿ ಕಾಳು, ಈರುಳ್ಳಿ, ಆಲೂಗಡ್ಡೆಯಷ್ಟರಲ್ಲೇ ಮಾಡುತ್ತಿದ್ದ ಅಡುಗೆಯನ್ನು ಅದೇ ಸಾಮಾನು ಹಾಕಿ ಮಾಡಿದರೂ ಸಪ್ಪೆಯಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಸಾಮಾನಿನ ಪಟ್ಟಿ ಸರಿಯಾಗಿಯೇ ಇರಬಹುದು, ಆ ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದೇ ರುಚಿಯ ಬಹುಪಾಲನ್ನು ಕೊಡುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿ ಕಾಸಿಲ್ಲದ ಮನೆಯಲ್ಲಿ ಕಾಳು ಬೇಯಿಸಿದ ನೀರನ್ನು ಚೆಲ್ಲುತ್ತಿರಲಿಲ್ಲ, ಹಿಂದಿನ ಹೊತ್ತಿನಲ್ಲಿ ಉಳಿದ ಎಣ್ಣೆಯನ್ನೋ ಕೊಬ್ಬನ್ನೋ ತೆಗೆದಿಟ್ಟು ಮರುದಿನದ ಈರುಳ್ಳಿ ಹುರಿಯಲು ಬಳಸುತ್ತಿದ್ದರು. ಇವೆಲ್ಲ ದಿನನಿತ್ಯದ ರೂಢಿಯಾಗಿದ್ದುದರಿಂದ ಯಾರೂ ಇವನ್ನು ಸಾಮಾನೆಂದು ಎಣಿಸಿ ಬರೆದಿಡಲಿಲ್ಲ. ಬರಿಯ ನೀರು, ಹೊಸ ಎಣ್ಣೆಯಿಂದ ಶುರುಮಾಡುವವರಿಗೆ ಆ ಹಿಂದಿನ ದಿನದ ಸಾರವೇ ಸಿಗುವುದಿಲ್ಲ.

ಇನ್ನೊಂದು ತಪ್ಪು ಅವಸರದ್ದು. ಈರುಳ್ಳಿ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುವಾಗ ಅದರಲ್ಲಿರುವ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿ ಹೊಸ ಪರಿಮಳಗಳು ಹುಟ್ಟುತ್ತವೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ಕುದಿಯುವ ನೀರಿನ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಹಳ ನಿಧಾನವಾಗಿ ನಡೆಯುವುದರಿಂದ, ಎಲ್ಲವನ್ನೂ ಒಟ್ಟಿಗೆ ನೀರಿಗೆ ಹಾಕಿ ಬೇಯಿಸಿದರೆ ಆ ಪರಿಮಳ ಬರುವುದೇ ಇಲ್ಲ. ಮೊದಲು ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಹುರಿದು, ತಳಕ್ಕೆ ಹತ್ತಿದ್ದನ್ನು ಕಾಳಿನ ಕಟ್ಟಿನಿಂದಲೇ ಬಿಡಿಸಿ ನೋಡಿ. ಹುಳಿಯನ್ನು ಮಾತ್ರ ಕಾಳು ಮೆತ್ತಗಾದ ಮೇಲೆ ಸೇರಿಸಬೇಕು. ಮೊದಲೇ ಹಾಕಿದರೆ ಕಾಳು ಬೇಗ ಬೇಯುವುದಿಲ್ಲ.

ಬರೆದಿಟ್ಟ ವಿಧಾನದ ಒಂದೇ ಒಂದು ಸಾಲನ್ನು ಹಾರಿಸಿದರೂ ಅಡುಗೆ ಕೆಡುತ್ತದೆ ಎಂಬುದಕ್ಕೆ 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದ ಮನೆಗಳಲ್ಲಿ ಮಾಡುತ್ತಿದ್ದ, ಮೊಟ್ಟೆ, ಹಾಲು, ಬೆಣ್ಣೆ ಮೂರೂ ಇಲ್ಲದ ಕೇಕು ಒಳ್ಳೆಯ ಉದಾಹರಣೆ. ಒಣದ್ರಾಕ್ಷಿಯನ್ನು ಸಕ್ಕರೆ, ಮಸಾಲೆ, ಅಗ್ಗದ ಕೊಬ್ಬಿನೊಂದಿಗೆ ನೀರಿನಲ್ಲಿ ಕುದಿಸಿ, ಪೂರ್ತಿ ಆರಿದ ಮೇಲೆ ಹಿಟ್ಟು ಮತ್ತು ಅಡುಗೆ ಸೋಡಾ ಬೆರೆಸುತ್ತಿದ್ದರು. ಇಂದು ಮಾಡುವವರು ಆರಿಸುವ ಆ ಹೊತ್ತನ್ನು ಉಳಿಸಲು ಹೋಗುತ್ತಾರೆ; ಬಿಸಿ ದ್ರವದಲ್ಲಿ ಸೋಡಾದ ಅನಿಲ ಒಲೆಗೆ ಹೋಗುವ ಮುನ್ನವೇ ಹೊರಟುಹೋಗಿ ಕೇಕು ಗಟ್ಟಿಯಾಗುತ್ತದೆ.

ಮೊದಲ ಸಲ ಮಾಡುವಾಗ ಬೆಣ್ಣೆಯನ್ನಾಗಲಿ ಹೆಚ್ಚಿನ ಮಸಾಲೆಯನ್ನಾಗಲಿ ಸೇರಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಸೇರಿಸಿದ ಮೇಲೆ ಕೊರತೆ ಎಲ್ಲಿತ್ತೆಂದು ತಿಳಿಯಲು ದಾರಿಯೇ ಉಳಿಯುವುದಿಲ್ಲ. ಆ ಅಡುಗೆಯನ್ನು ಉಂಡ ಹಿರಿಯರು ಮನೆಯಲ್ಲಿದ್ದರೆ, ಅದರಲ್ಲಿ ಏನೇನು ಹಾಕುತ್ತಿದ್ದರು ಎಂದು ಕೇಳುವುದಕ್ಕಿಂತ ಯಾವ ಪಾತ್ರೆಯಲ್ಲಿ ಮಾಡುತ್ತಿದ್ದರು, ಎಷ್ಟು ಹೊತ್ತು ಒಲೆಯ ಮೇಲಿರುತ್ತಿತ್ತು, ಹಿಂದಿನ ದಿನ ಏನು ಬೇಯಿಸಿರುತ್ತಿದ್ದರು ಎಂದು ಕೇಳಿ.