ಹಾವು ಕಡಿದು ಸತ್ತವರು ಸರ್ಕಾರದ ಲೆಕ್ಕಕ್ಕೆ ಯಾಕೆ ಸಿಗಲ್ಲ?

ಪ್ರಶ್ನೆ: ನಮ್ಮ ಮುಧೋಳ ಭಾಗದಲ್ಲಿ ಪ್ರತಿ ಮಳೆಗಾಲಕ್ಕೂ ಹಾವು ಕಡಿದು ಯಾರೋ ಒಬ್ಬರು ಹೋದ ಸುದ್ದಿ ಬರುತ್ತದೆ. ಆದರೆ 2023ರಲ್ಲಿ ಇಡೀ ಕರ್ನಾಟಕದಲ್ಲಿ ಸತ್ತವರು ಬರೀ 19 ಜನ ಅಂತ ಓದಿದೆ. ಇದು ನಂಬೋ ಮಾತಾ ಸರ್?

ಉತ್ತರ: ನಂಬೋದು ಕಷ್ಟವೇ. ಹಾಗಂತ ಯಾರೋ ಕೂತು ಸುಳ್ಳು ಬರೆದಿದ್ದಾರೆ ಅಂತಲೂ ತಿಳಿಯಬೇಡಿ. ಆರೋಗ್ಯ ಇಲಾಖೆಗೆ ವರದಿಯಾಗಿ ಬಂದು ಮುಟ್ಟಿದ ಸಾವುಗಳು ಅಷ್ಟು. ಮನೆಯಲ್ಲಿ ಸತ್ತವರು, ದಾರಿಯಲ್ಲಿ ಸತ್ತವರು, ಮಂತ್ರ ಹಾಕಿಸಲು ಹೋದ ಕಡೆ ಸತ್ತವರು ಅದರಲ್ಲಿ ಬರುವುದೇ ಇಲ್ಲ.

ದೇಶದ ಲೆಕ್ಕ ನೋಡಿದರೆ ಇನ್ನೂ ಗಾಬರಿಯಾಗುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತರು, ಅಂದರೆ ವರ್ಷಕ್ಕೆ 58,000, ಅಂತ 2020ರಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿದೆ. ಈ ಅಂದಾಜಿಗೆ ಆಧಾರ ಆಸ್ಪತ್ರೆಯ ರಿಜಿಸ್ಟರ್ ಅಲ್ಲವೇ ಅಲ್ಲ. ಸಿಬ್ಬಂದಿ ಊರೂರಿಗೆ ಹೋಗಿ, ಸತ್ತವರ ಮನೆಯವರನ್ನೇ ಕೂರಿಸಿ, ಏನಾಯ್ತು, ಎಲ್ಲಿ ಬಾವು ಬಂತು, ಯಾವಾಗ ಮಾತು ನಿಂತಿತು ಅಂತ ಕೇಳಿ ಬರೆದುಕೊಂಡರು. ಆ ಬರಹವನ್ನು ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಓದಿ ಸಾವಿನ ಕಾರಣ ಗುರುತಿಸಿದರು. ಅದೇ ಅಧ್ಯಯನದ ಪ್ರಕಾರ 2003ರಿಂದ 2015ರವರೆಗೆ ಆಸ್ಪತ್ರೆಗಳಲ್ಲೇ ಸತ್ತವರು ಸುಮಾರು 1.54 ಲಕ್ಷ. ಸರ್ಕಾರ ಹೇಳಿದ್ದು 15,500!

ಎಲ್ಲಿ ಕಳೆದುಹೋಗುತ್ತಾರೆ ಇವರೆಲ್ಲ? ಕಟ್ಟುಹಾವನ್ನೇ ತಗೊಳ್ಳಿ. ಅದು ಕಡಿಯುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವು ಅಷ್ಟಾಗಿ ಇರಲ್ಲ, ಗಾಯ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಆಮೇಲೆ ಕಣ್ಣು ರೆಪ್ಪೆ ಜೋತು ಬೀಳುತ್ತದೆ, ಉಸಿರು ಕಟ್ಟುತ್ತದೆ. ಮನೆಯವರಿಗೆ ಹಾವಿನ ಯೋಚನೆಯೇ ಬರಲ್ಲ. ಜನರ ಬಾಯಲ್ಲಿ ಅದು 'ಏನೋ ಹೊಟ್ಟೆನೋವು ಬಂದು ಸತ್ತ' ಅಂತಾಗುತ್ತದೆ. ದಾಖಲೆಯಲ್ಲೂ ಅಷ್ಟೇ: 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ಶೇ. 22.5ಕ್ಕೆ ಮಾತ್ರ.

ಇನ್ನು ನಮ್ಮ ಕಬ್ಬಿನ ಸೀಮೆ. ರಾತ್ರಿ ಥ್ರೀ ಫೇಸ್ ಕರೆಂಟ್ ಬಂದರೆ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗಲೇಬೇಕು, ಕಾಲ ಕೆಳಗೆ ರವದಿ, ಅಂದರೆ ಕಬ್ಬಿನ ಒಣ ಎಲೆ. ಮಹಾರಾಷ್ಟ್ರದ ಬೀಡ ಕಡೆಯಿಂದ ಬರುವ ಕಬ್ಬು ಕಡಿಯೋ ಗ್ಯಾಂಗ್‌ನವರು ಹೊಲದ ಬದಿಯಲ್ಲೇ ಗುಡಿಸಲು ಹಾಕಿ ನೆಲದ ಮೇಲೆ ಮಲಗುತ್ತಾರೆ. ಅವರಲ್ಲಿ ಒಬ್ಬರು ಸತ್ತರೆ ಹೆಣ ಊರಿಗೆ ಹೋಗುತ್ತದೆ. ಆ ಸಾವನ್ನು ಬಾಗಲಕೋಟೆ ಬರೆದುಕೊಳ್ಳಬೇಕಾ, ಬೀಡ ಬರೆದುಕೊಳ್ಳಬೇಕಾ? ಕಾನೂನಿನ ಪ್ರಕಾರ ಸತ್ತ ಜಾಗದಲ್ಲೇ ನೋಂದಣಿ ಆಗಬೇಕು. ಗಾಡಿ ಹೊರಟ ಮೇಲೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ!

ಲೆಕ್ಕ ತಪ್ಪಿದರೆ ಏನಾಯ್ತು ಅನ್ನಬಹುದು. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಇಂಜೆಕ್ಷನ್ ಒಬ್ಬರಿಗೆ ಮೊದಲ ಸುತ್ತಿನಲ್ಲೇ ಸಾಮಾನ್ಯವಾಗಿ 10 ವಯಲ್ (ಔಷಧಿಯ ಸಣ್ಣ ಬಾಟಲಿ) ಬೇಕು. ಕೇಸೇ ಇಲ್ಲ ಅಂತ ಕಾಗದ ಹೇಳಿದರೆ ಆ ಆಸ್ಪತ್ರೆಗೆ ಯಾರು ಸ್ಟಾಕ್ ಕಳಿಸುತ್ತಾರೆ? ಸ್ಟಾಕ್ ಇಲ್ಲದ ಆಸ್ಪತ್ರೆಗೆ ಜನ ಹೋಗಲ್ಲ, ಜನ ಹೋಗದಿದ್ದರೆ ಮತ್ತೆ ಕೇಸೇ ಇಲ್ಲ.

ಜಗತ್ತಿನ ಮಟ್ಟದಲ್ಲೂ ಇದೇ ಕಥೆ. ಸನೋಫಿ ಕಂಪನಿ ಆಫ್ರಿಕಾಕ್ಕೆ ಬೇಕಾದ ಒಂದು ಮುಖ್ಯ ವಿಷಹಾರಿ ಔಷಧಿ ತಯಾರಿಸುವುದನ್ನು 2014ರಲ್ಲಿ ನಿಲ್ಲಿಸಿತು, ಲಾಭ ಇಲ್ಲ ಅಂತ. ಕಡಿಸಿಕೊಳ್ಳುವವರು ಬಡವರು, ಅವರು ಎಷ್ಟು ಜನ ಅಂತ ತೋರಿಸಲು ಕಾಗದ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೇ 2017ರಲ್ಲಿ. ಅದರ ಅಂದಾಜು ವರ್ಷಕ್ಕೆ 81,000ದಿಂದ 1,38,000 ಸಾವು. ಆ ಎರಡು ಸಂಖ್ಯೆಗಳ ನಡುವೆಯೇ 57,000 ಜೀವ ಇವೆ, ಗಮನಿಸಿ.

ಕರ್ನಾಟಕ 2024ರ ಫೆಬ್ರುವರಿಯಲ್ಲಿ ಒಂದು ಒಳ್ಳೆ ಕೆಲಸ ಮಾಡಿತು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು, ಖಾಸಗಿ ಆಸ್ಪತ್ರೆಗಳಿಗೂ ಸೇರಿಸಿ. ಆಮೇಲೆ ಸಂಖ್ಯೆ ಜಿಗಿಯಿತು. ಹಾವುಗಳೇನೂ ಜಾಸ್ತಿ ಆಗಿರಲಿಲ್ಲ, ಬರೆಯುವವರು ಜಾಸ್ತಿಯಾದರು ಅಷ್ಟೆ. ಅದೇ ವರ್ಷದ ಕೊನೆಗೆ ಕೇಂದ್ರವೂ ಎಲ್ಲ ರಾಜ್ಯಗಳಿಗೆ ಹೀಗೇ ಮಾಡಿ ಅಂತ ಪತ್ರ ಬರೆಯಿತು.

ನೀವು ಮಾಡಬಹುದಾದ್ದು ಇಷ್ಟು. ಹಾವನ್ನು ಹೊಡೆದು ಚೀಲದಲ್ಲಿ ತುಂಬಿಕೊಂಡು ಹೋಗೋದು ಬೇಡ, ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲ, ನಾಲ್ಕಕ್ಕೂ ಇಲ್ಲಿ ಕೊಡುವುದು ಒಂದೇ ಔಷಧಿ. ಸುಮ್ನೆ ಬೇಗ ಆಸ್ಪತ್ರೆ ಮುಟ್ಟಿಸಿ. ಸಾವಾದರೆ, ಹೆಣ ಕೊಯ್ಸೋದು ಬೇಡ ಅಂತ ಹಿರಿಯರು ಹೇಳಿದರೂ ಪೋಸ್ಟ್‌ಮಾರ್ಟಮ್ ಮಾಡಿಸಿ. ರೈತ ಕುಟುಂಬಕ್ಕೆ ಕೃಷಿ ಇಲಾಖೆ ಕೊಡುವ 2 ಲಕ್ಷ ಪರಿಹಾರಕ್ಕೆ ಅದರ ವರದಿ ಬೇಕೇ ಬೇಕು. ಗುಣವಾಗಿ ಮನೆಗೆ ಬಂದರೂ ಡಿಸ್ಚಾರ್ಜ್ ಚೀಟಿಯಲ್ಲಿ ಹಾವು ಕಡಿತ ಅಂತಲೇ ಬರೆದಿದ್ದಾರಾ ನೋಡಿ, ಯಾಕಂದರೆ ಬದುಕಿ ಉಳಿದವರ ಕೇಸೂ ವರದಿಯಾಗಬೇಕು.