ಇನ್ನೂ ಹತ್ತು ವಿಮಾನ ಕಳಿಸಿದರೆ ಸಾಕಾ?

ಎಲ್ಲಾದರೂ ಭೂಕಂಪ, ನೆರೆ ಬಂತೆಂದರೆ ದಾವಣಗೆರೆಯ ನಮ್ಮ ಬೀದಿಯವರು ನನ್ನನ್ನು ಹಿಡಿದು ಕೇಳುತ್ತಾರೆ: "ಇನ್ನೊಂದು ಹತ್ತು ವಿಮಾನ ಕಳಿಸೋಕೆ ಏನು ಕಷ್ಟ, ಸರ್?" ವಾಯುಪಡೆಯಲ್ಲಿ ಸರಕು ಹತ್ತಿಸಿ ಇಳಿಸುವ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಎಷ್ಟು ಸಲ ಹೇಳಿದರೂ ಅದೇ ಪ್ರಶ್ನೆ. ಒಮ್ಮೆ ಕೂತು ಲೆಕ್ಕ ಹಾಕೋಣ.

ಒಂದು ಸಣ್ಣ ನಿಲ್ದಾಣ ಅಂತ ಇಟ್ಟುಕೊಳ್ಳಿ. ದೊಡ್ಡ ವಿಮಾನ ನಿಲ್ಲಲು ನಾಲ್ಕೇ ಜಾಗ. ಒಂದನ್ನು ಖಾಲಿ ಮಾಡಿ ಕಳಿಸಲು ಎರಡು ಗಂಟೆ. ದಿನಕ್ಕೆ ಹೆಚ್ಚೆಂದರೆ 48 ವಿಮಾನ. ಈಗ ಫೋರ್ಕ್‌ಲಿಫ್ಟ್ ಕೆಟ್ಟಿತು, ಮೂಟೆಗಳನ್ನು ಕೈಯಲ್ಲೇ ಇಳಿಸಬೇಕು. ಆರು ಗಂಟೆ ಹಿಡಿಯಿತು. 48 ಇದ್ದದ್ದು 16ಕ್ಕೆ ಬಂತು. ಅದೇ ರನ್‌ವೇ, ಅದೇ ಪೈಲಟ್‌ಗಳು. ಮತ್ತೆ ಹತ್ತು ವಿಮಾನ ಕಳಿಸಿದರೆ ಮೇಲೆ ಸುಮ್ನೆ ಸುತ್ತು ಹೊಡೆದು, ಇಂಧನ ಸುಟ್ಟು ವಾಪಸ್ ಹೋಗಬೇಕು, ಅಲ್ವಾ? ನಿಜವಾದ ಲೆಕ್ಕದಲ್ಲಿ ಹವೆ, ರನ್‌ವೇ ಗಟ್ಟಿತನ, ವಿಮಾನದ ತೂಕ ಎಲ್ಲ ಸೇರುತ್ತವೆ. ಎಲ್ಲ ಕಡೆಗೂ ಒಂದೇ ಅಂಕಿ ಹೊಂದುವುದಿಲ್ಲ.

2015ರ ಏಪ್ರಿಲ್‌ನಲ್ಲಿ ನೇಪಾಳದ ಭೂಕಂಪವಾದಾಗ ಕಠ್ಮಂಡುವಿನಲ್ಲಿ ಆದದ್ದು ಇದೇ. ಇದ್ದದ್ದು ಒಂದೇ ರನ್‌ವೇ, ನಿಲ್ಲಿಸುವ ಜಾಗ ಕಡಿಮೆ. ನೆರವು ಹೊತ್ತು ಹೋದ ಹಲವು ವಿಮಾನಗಳು ಇಳಿಯಲಾಗದೆ ಹಿಂತಿರುಗಿದವು. ಆಮೇಲೆ ರನ್‌ವೇ ಕಿತ್ತುಬರತೊಡಗಿ, ತುಂಬಾ ಭಾರದ ವಿಮಾನಗಳನ್ನೇ ತಡೆದರು. 2010ರ ಜನವರಿಯಲ್ಲಿ ಹೈಟಿಯ ಭೂಕಂಪದಲ್ಲಿ, ವಿಮಾನಗಳಿಗೆ ಇಳಿಯಲು ಸೂಚನೆ ಕೊಡುವ ಕಂಟ್ರೋಲ್ ಟವರ್ ಹಾಳಾಗಿತ್ತು. ಅಮೆರಿಕದ ವಾಯುಪಡೆಯ ಕೆಲವರು ರನ್‌ವೇ ಪಕ್ಕ ಮಡಚುವ ಮೇಜು ಹಾಕಿಕೊಂಡು, ರೇಡಿಯೋ ಹಿಡಿದು ವಿಮಾನ ಇಳಿಸಿದರು. 2013ರ ನೆರೆಯಲ್ಲಿ ಉತ್ತರಾಖಂಡದ ಧರಾಸುವಿನ ಪುಟ್ಟ ರನ್‌ವೇ ಮೇಲೆ ನಮ್ಮ ವಾಯುಪಡೆಯ ಸರಕು ವಿಮಾನ ಸಿ-130ಜೆ ಇಳಿದದ್ದು ಹೆಲಿಕಾಪ್ಟರ್‌ಗಳಿಗೆ ಇಂಧನ ಕೊಡಲು. ಅದು ಸಿಗದಿದ್ದರೆ ಹೆಲಿಕಾಪ್ಟರ್ ಮತ್ತೆ ಏರುವುದು ಹೇಗೆ?

ಜಗಳೂರು ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. "ಪೈಲಟ್ ಆದ್ರೆ ಸರಿ. ಹಮಾಲಿ ಮಾಡೋಕೆ ವಾಯುಪಡೆಗೆ ಯಾಕೆ ಹೋಗ್ಬೇಕು?" ಅಂದರು. ನನಗೆ ಸಿಟ್ಟೇ ಬಂತು. ಮೆಕ್ಕೆಜೋಳದ ಸುಗ್ಗಿಯಲ್ಲಿ ಹಮಾಲರು ಒಂದು ದಿನ ಬರದಿದ್ದರೆ ಏನಾಗುತ್ತದೆ ಅಂತ ಅವರಿಗಿಂತ ಜಾಸ್ತಿ ಯಾರಿಗೆ ಗೊತ್ತು? ಅದರ ಮೇಲೆ ನಮ್ಮದು ಮೂಟೆ ಪೇರಿಸಿ ಕೈ ತೊಳೆಯುವ ಕೆಲಸವೂ ಅಲ್ಲ. ಪ್ರತಿ ಮೂಟೆಯ ತೂಕ ಬರೆದು, ಎಲ್ಲಿಡಬೇಕೆಂದು ಲೆಕ್ಕ ಹಾಕಬೇಕು. ಭಾರ ತೀರಾ ಹಿಂದಕ್ಕೆ ಬಿದ್ದರೆ ಏರುವಾಗ ಮೂತಿ ಮೇಲೆದ್ದು ವಿಮಾನ ಹಿಡಿತಕ್ಕೇ ಸಿಗದೆ ಹೋಗಬಹುದು.

ಹುಡುಗ ಮಾತಾಡಲಿಲ್ಲ. ಸಂಜೆ ಅವರ ಜೋಳ ಇಳಿಸುವ ಗೋದಾಮಿಗೆ ನಾನೂ ಹೋದೆ. ಹೊರಗೆ ಲಾರಿಗಳ ಸಾಲು. ಅವನು ಸ್ವಲ್ಪ ಹೊತ್ತು ನೋಡಿ ಅಪ್ಪನಿಗೆ ಹೇಳಿದ: "ಹಮಾಲರು ಸಾಕಷ್ಟು ಇದ್ದಾರಪ್ಪಾ. ಖಾಲಿ ಲಾರಿಗೆ ಹೊರಗೆ ಹೋಗೋಕೆ ದಾರಿ ಇಲ್ಲ."

ಅರ್ಜಿ ತುಂಬಲು ನಾಳೆಯೇ ಬಾ ಅಂದೆ.