ಮದ್ದು ಗಿಡದಲ್ಲಿತ್ತು, ಸಾರದಲ್ಲಿ ಸಿಗಲಿಲ್ಲ

ಬೀಜಿಂಗ್‌ನಲ್ಲಿ 1971ರ ಅಕ್ಟೋಬರ್ 4ರಂದು 191ನೇ ಸಂಖ್ಯೆಯ ಸಾರವೊಂದು ಇಲಿಗಳ ರಕ್ತದಲ್ಲಿದ್ದ ಮಲೇರಿಯಾ ಪರಾವಲಂಬಿಗಳನ್ನು ಪೂರ್ತಿ ಅಳಿಸಿಹಾಕಿತು. ಆ ಸಾರದ ಮೂಲವಾದ ಆರ್ಟಿಮೀಸಿಯ ಗಿಡ ಚೀನಾದ ಔಷಧ ವಿಜ್ಞಾನಿ ತೂ ಯೂಯೂ ಅವರ ತಂಡಕ್ಕೆ ಹೊಸದೇನಲ್ಲ. ಹಿಂದೆಯೂ ಅದರ ಸಾರ ಪರೀಕ್ಷಿಸಿದ್ದರು. ಒಮ್ಮೆ ಕೆಲಸ ಮಾಡಿದ್ದು ಮತ್ತೊಮ್ಮೆ ಕೈಕೊಡುತ್ತಿತ್ತು. ನಾಲ್ಕನೇ ಶತಮಾನದ ಗೆ ಹಾಂಗ್ ಬರೆದಿಟ್ಟ ಚೀನೀ ವೈದ್ಯಗ್ರಂಥದಲ್ಲಿ ಈ ಸೊಪ್ಪನ್ನು ಕುದಿಸುವ ಮಾತೇ ಇಲ್ಲ: ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು. ಹಾಗಾದರೆ ಕಾಯಿಸುವುದರಿಂದಲೇ ಮದ್ದು ಕೆಡುತ್ತಿದೆಯೇ? ಈ ಊಹೆಯ ಮೇಲೆ ತೂ ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿದರು. ಸಾರದ ಆಮ್ಲೀಯ ಭಾಗ ನಿಷ್ಪ್ರಯೋಜಕ, ಮೇಲಾಗಿ ವಿಷಕಾರಿ. ಅದನ್ನು ಕ್ಷಾರದಿಂದ ತೊಳೆದು ತೆಗೆದರು. ಮುಂದೆ ಆರ್ಟಿಮಿಸಿನಿನ್ ಎಂಬ ಆ ಮದ್ದಿನ ಅಣುರಚನೆ ಬಿಡಿಸಿದಾಗ ಅದರಲ್ಲಿ ಎರಡು ಆಮ್ಲಜನಕಗಳ ಪೆರಾಕ್ಸೈಡ್ ಸೇತುವೆ ಕಂಡಿತು. ಪರಾವಲಂಬಿಯನ್ನು ಕೊಲ್ಲುವುದೂ ಅದೇ ಸೇತುವೆ.

ಗಿಡ, ಶಿಲೀಂಧ್ರಗಳಿಂದ ಮದ್ದಿನ ಅಣು ಬೇರ್ಪಡಿಸುವ ಈ ಶಾಸ್ತ್ರದ ಇನ್ನೂರು ವರ್ಷಗಳ ಎಡವಟ್ಟುಗಳಲ್ಲಿ ಬಹುಪಾಲು ಇಂಥವೇ. ಗಿಡವನ್ನು ಸರಿಯಾಗಿಯೇ ಆರಿಸಿರುತ್ತಾರೆ, ಸಾರ ತೆಗೆಯುವ ಹೊತ್ತಿಗೆ ಬೇಕಾದ ಅಣು ಕಳೆದುಹೋಗಿರುತ್ತದೆ.

ಮೊದಲ ತಲೆಮಾರಿಗೆ ಅದೃಷ್ಟವೂ ಜೊತೆಗಿತ್ತು ಅನ್ನಬೇಕು. ಜರ್ಮನಿಯ ಸರ್ಟ್ಯೂರ್ನರ್ 1805ರ ಸುಮಾರಿಗೆ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದರು. ಪ್ಯಾರಿಸ್‌ನ ಪೆಲ್ಟಿಯೇ ಮತ್ತು ಕಾವಾಂಟು 1818ರಲ್ಲಿ ಸ್ಟ್ರಿಕ್ನಿನ್, 1820ರಲ್ಲಿ ಕ್ವಿನೈನ್ ತೆಗೆದರು. ಇವೆಲ್ಲ ಆಲ್ಕಲಾಯ್ಡ್‌ಗಳು, ಅಂದರೆ ಸಾರಜನಕವಿರುವ ಪ್ರತ್ಯಾಮ್ಲಗಳು. ಆಮ್ಲ ಹಾಕಿದರೆ ಲವಣವಾಗಿ ನೀರಿಗಿಳಿಯುತ್ತವೆ, ಕ್ಷಾರ ಹಾಕಿದರೆ ನೀರು ಬಿಟ್ಟು ಹೊರಬರುತ್ತವೆ. ಅಷ್ಟು ಸಾಕಿತ್ತು, ಅಣುರಚನೆ ತಿಳಿಯದಿದ್ದರೂ ಹರಳು ಕೈಗೆ ಸಿಗುತ್ತಿತ್ತು. ಮಾರ್ಫಿನ್ನಿನ ಸರಿಯಾದ ರಚನೆಯನ್ನು ರಾಬಿನ್ಸನ್ ಮುಂದಿಟ್ಟದ್ದು 1925ರಲ್ಲಿ.

ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ನೆರಳಲ್ಲೋ 40 ಡಿಗ್ರಿಯೊಳಗಿನ ಗಾಳಿಯಲ್ಲೋ ಒಣಗಿಸಿದ 100 ಗ್ರಾಂ ಪುಡಿಯನ್ನು 500 ಮಿ.ಲೀ. ಮೆಥನಾಲ್‌ನಲ್ಲಿ ಒಂದು ದಿನ ನೆನೆಸಿ ಸೋಸುತ್ತಾರೆ. ಹೊಸ ಮೆಥನಾಲ್ ಹಾಕಿ ಇನ್ನೆರಡು ಸಲ. ನಿರ್ವಾತದಲ್ಲಿ ದ್ರಾವಕ ಆವಿ ಮಾಡಿ, ಉಳಿದ ಅಂಟನ್ನು ಶೇ 2ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹೆಕ್ಸೇನ್ ಜೊತೆ ಕುಲುಕಿದರೆ ಕೊಬ್ಬು ಮತ್ತು ಹಸಿರು ಬಣ್ಣ ಮೇಲಿನ ಪದರಕ್ಕೆ ಹೋಗುತ್ತವೆ. ಕೆಳಗಿನ ನೀರಿಗೆ ಅಮೋನಿಯ ಹಾಕಿ ಪಿಎಚ್ 9–10ಕ್ಕೆ ತಂದು ಡೈಕ್ಲೋರೋಮೀಥೇನ್‌ನಿಂದ ಮೂರು ಸಲ ಎಳೆಯಬೇಕು. ಡ್ರಾಗೆನ್‌ಡಾರ್ಫ್ ದ್ರಾವಣ ತಗುಲಿಸಿದಾಗ ಕಿತ್ತಳೆ ಬಣ್ಣ ಬಂದರೆ ಆಲ್ಕಲಾಯ್ಡ್ ಇರುವ ಸೂಚನೆ.

ಅಮೋನಿಯದ ಬದಲು ಕಾಸ್ಟಿಕ್ ಸೋಡಾ ಸುರಿದರೆ ತುಸು ಆಮ್ಲ ಗುಣದ ಫೀನಾಲ್ ಗುಂಪಿರುವ ಆಲ್ಕಲಾಯ್ಡ್‌ಗಳು ಮತ್ತೆ ಲವಣವಾಗಿ ನೀರಲ್ಲೇ ಉಳಿದುಬಿಡುತ್ತವೆ. ಬರ್ಬೆರಿನ್‌ನಂಥವು ಅಮೋನಿಯ ಹಾಕಿದರೂ ನೀರು ಬಿಡುವುದಿಲ್ಲ, ಅವುಗಳ ಸಾರಜನಕದ ಮೇಲೆ ಧನ ಆವೇಶ ಕಾಯಂ. ಜೋರಾಗಿ ಕುಲುಕಿದರೆ ಎರಡು ಪದರಗಳ ನಡುವೆ ನೊರೆಗಟ್ಟಿ ಗಂಟೆಗಟ್ಟಲೆ ಬಿಡಿಸಿಕೊಳ್ಳದು. ಮೆಲ್ಲಗೆ ಹೊರಳಿಸುವುದು, ಸ್ವಲ್ಪ ಉಪ್ಪು ಹಾಕುವುದು ಇದಕ್ಕೆ ಮದ್ದು. ಡೈಕ್ಲೋರೋಮೀಥೇನ್‌ನಲ್ಲಿ ಸಾರವನ್ನು ದಿನಗಟ್ಟಲೆ ಬಿಟ್ಟರೆ ಆ ದ್ರಾವಕವೇ ಕೆಲವು ಆಲ್ಕಲಾಯ್ಡ್‌ಗಳಿಗೆ ಅಂಟಿಕೊಂಡು, ಗಿಡದಲ್ಲಿ ಎಂದೂ ಇರದಿದ್ದ ‘ಹೊಸ ಅಣು’ ಹುಟ್ಟುತ್ತದೆ.

ಶಿಲೀಂಧ್ರಗಳ ಕಡೆ ಬಂದರೆ ಈ ಅನುಕೂಲವಿಲ್ಲ. ಪೆನಿಸಿಲಿನ್ ಆಮ್ಲ ಸ್ವಭಾವದ್ದು, ಆದರೆ ಆಮ್ಲದಲ್ಲೇ ಒಡೆಯುತ್ತದೆ. ಫ್ಲೆಮಿಂಗ್ 1928ರಲ್ಲಿ ಗುರುತಿಸಿದ ಈ ವಸ್ತುವನ್ನು ರೈಸ್ಟ್ರಿಕ್ ತಂಡ 1932ರ ಹೊತ್ತಿಗೆ ಆಮ್ಲೀಯ ದ್ರವದಿಂದ ಈಥರ್‌ಗೆ ಎಳೆದಿತ್ತು; ಈಥರ್ ಆರಿಸಿದ ಮೇಲೆ ಶಕ್ತಿಯೇ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಹೀಟ್ಲಿ 1940ರಲ್ಲಿ ದಾರಿ ಹುಡುಕಿದರು. ಈಥರ್ ಆರಿಸುವ ಗೋಜಿಗೇ ಹೋಗದೆ, ಅದನ್ನು ಆಮ್ಲವಲ್ಲದ ನೀರಿನ ಜೊತೆ ಕುಲುಕಿ ಪೆನಿಸಿಲಿನ್ನನ್ನು ವಾಪಸ್ ನೀರಿಗಿಳಿಸುವುದು. ಆಮ್ಲದ ಹಂತ ತಣ್ಣಗೂ ಬೇಗನೆಯೂ ಮುಗಿಯಬೇಕು, ಅಷ್ಟೇ. ನೋಡಲು ಕ್ಷುಲ್ಲಕ ಉಪಾಯ, ಆದರೆ ಮುಂದಿನ ಎಲ್ಲ ಪ್ರಯೋಗಗಳೂ ಇದರ ಮೇಲೇ ನಿಂತವು. ಶಿಲೀಂಧ್ರಕ್ಕೆ ಹಾಕುವ ಊಟವೂ ಲೆಕ್ಕಕ್ಕೆ ಬರುತ್ತದೆ: ಗ್ಲೂಕೋಸ್ ಧಾರಾಳವಾದರೆ ಅದು ಮೈ ಬೆಳೆಸಿಕೊಳ್ಳುತ್ತದೆ, ಪೆನಿಸಿಲಿನ್ ತಯಾರಿ ತಗ್ಗುತ್ತದೆ. ನಿಧಾನವಾಗಿ ಜೀರ್ಣವಾಗುವ ಲ್ಯಾಕ್ಟೋಸ್ ಹಾಗೂ ಮೆಕ್ಕೆಜೋಳದ ಪಿಷ್ಟ ತೆಗೆಯುವಾಗ ಉಳಿಯುವ ದ್ರವ ಬಳಸಿದಾಗಲೇ ಅಮೆರಿಕದ ಪಿಯೋರಿಯಾದಲ್ಲಿ ಇಳುವರಿ ಏರಿದ್ದು.

ಅಣು ಕೆಡದಿದ್ದರೂ ಸಾಲದೆ ಹೋಗಬಹುದು. ಪೆಸಿಫಿಕ್ ಯೂ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಿದರು, ಅದರಲ್ಲಿದ್ದ ಕ್ಯಾನ್ಸರ್ ಮದ್ದು ಟ್ಯಾಕ್ಸಾಲ್‌ನ ರಚನೆ 1971ರಲ್ಲಿ ಪ್ರಕಟವಾಯಿತು, ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ವಿಳಂಬಕ್ಕೆ ಒಂದು ದೊಡ್ಡ ಕಾರಣ ಇಳುವರಿ. ಒಣ ತೊಗಟೆಯಲ್ಲಿ ಅದು ಶೇ 0.01ರಷ್ಟು, ಅಂದರೆ 10 ಕೆ.ಜಿ.ಗೆ ಒಂದು ಗ್ರಾಂ. ತೊಗಟೆ ಸುಲಿದರೆ ಮರ ಸಾಯುತ್ತದೆ. ಯುರೋಪಿನ ಯೂ ಮರದ ಎಲೆಗಳಲ್ಲಿ ಅದರ ಹತ್ತಿರದ ಅಣುವೊಂದು ಹೇರಳವಾಗಿದೆ, ಪಕ್ಕದ ಸರಪಳಿಯನ್ನು ಪ್ರಯೋಗಾಲಯದಲ್ಲಿ ಜೋಡಿಸಬಹುದು ಎಂದು ಫ್ರಾನ್ಸಿನ ಪೋಟಿಯೇ ತಂಡ ತೋರಿಸಿದ ಮೇಲೆ ಈ ಬಿಕ್ಕಟ್ಟು ಸಡಿಲಾಯಿತು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ.

ಈಗ ಮಿಶ್ರಣ ಬಿಡಿಸುವ ಕ್ರೊಮ್ಯಾಟೊಗ್ರಫಿ, ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೊಮೀಟರ್, ರಚನೆ ತೋರಿಸುವ ಎನ್‌ಎಂಆರ್ ಸೇರಿ ಶತಮಾನದ ಕೆಲಸವನ್ನು ವಾರಗಳಿಗೆ ಇಳಿಸಿವೆ. ಸಿಕ್ಕ ಅಣು ಈಗಾಗಲೇ ಗೊತ್ತಿರುವುದೇ ಎಂದು ಅದರ ತೂಕ ನೋಡಿ ಮೊದಲೇ ಅಂದಾಜಿಸಬಹುದು. ಆದರೆ ಯಂತ್ರ ಸೂಕ್ಷ್ಮವಾದಷ್ಟೂ ಕಸವೂ ಕಾಣುತ್ತದೆ. ಒಗರಿನ ವಸ್ತುವಾದ ಟ್ಯಾನಿನ್ ತುಂಬಿದ ಸಾರ ಬಹುತೇಕ ಯಾವ ಕಿಣ್ವವನ್ನು ಕೊಟ್ಟರೂ ತಡೆಯುತ್ತದೆ, ಏಕೆಂದರೆ ಟ್ಯಾನಿನ್ ಬಹುತೇಕ ಎಲ್ಲ ಪ್ರೋಟೀನ್‌ಗಳಿಗೂ ಅಂಟುತ್ತದೆ. ಪಾಲಿಅಮೈಡ್ ಕಾಲಮ್ಮಿನಲ್ಲಿ ಹಾಯಿಸಿ ಅದನ್ನು ಮೊದಲು ತೆಗೆಯದೆ ಫಲಿತಾಂಶ ನಂಬಬಾರದು. ಪ್ಲಾಸ್ಟಿಕ್ ನಳಿಕೆಯಿಂದ ದ್ರಾವಕಕ್ಕೆ ಇಳಿಯುವ ಥ್ಯಾಲೇಟ್‌ಗಳು ಮಾಸ್ ಸ್ಪೆಕ್ಟ್ರಮ್ಮಿನಲ್ಲಿ 149ರ ಬಳಿ ಗೆರೆ ಎಬ್ಬಿಸುತ್ತವೆ. ಅವನ್ನೇ ಗಿಡದ ಘಟಕ ಎಂದು ವರದಿ ಮಾಡಿದವರು ಕಡಿಮೆಯೇನಿಲ್ಲ. ಆದ್ದರಿಂದ ಬರಿಯ ದ್ರಾವಕವನ್ನು, ಗಿಡದ ಪುಡಿ ಸೇರಿಸದೆ, ಅದೇ ನಳಿಕೆ, ಅದೇ ಸೋಸುಕಾಗದ, ಅದೇ ಹಂತಗಳಲ್ಲಿ ಒಮ್ಮೆ ಹಾಯಿಸುತ್ತಾರೆ. ಅದರಲ್ಲೂ ಕಂಡ ಗೆರೆಗಳನ್ನು ಪಟ್ಟಿಯಿಂದ ಹೊಡೆದುಹಾಕಿದ ಮೇಲೆಯೇ ಉಳಿದವುಗಳ ರಚನೆಗೆ ಕೈಹಾಕುವುದು.